ಸೊಳ್ಳೆ ಬ್ಯಾಟ್ ಕೆಟ್ಟೋಯ್ತಾ? ಬಿಸಾಕೋ ಮುಂಚೆ ಇಷ್ಟು ನೋಡಿ

ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳ ಸಾಕೋ ಮನೆಗಳಲ್ಲಿ ಸೊಳ್ಳೆ ಬತ್ತಿ ಹಚ್ಚಂಗಿಲ್ಲ, ಲಿಕ್ವಿಡ್ ಮಿಷಿನ್ ಹಾಕಂಗಿಲ್ಲ, ಸ್ಪ್ರೇ ಅಂತೂ ಕೇಳ್ಲೇಬೇಡಿ, ಯಾಕಂದ್ರೆ ಅದ್ರಲ್ಲಿರೋ ಪೈರಿಥ್ರಾಯ್ಡ್ ಔಷಧಿ ರೇಷ್ಮೆ ಹುಳಕ್ಕೆ ನೇರ ವಿಷ. ಹುಳ ನಾಲ್ಕನೇ ಜ್ವರ (ಪೊರೆ ಬಿಡೋ ಹೊತ್ತು) ಎದ್ದು ರಾತ್ರಿ ಹಗಲು ಸೊಪ್ಪು ತಿನ್ನೋ ಟೈಮಲ್ಲಿ ಮನೆಯೋರೂ ಅಲ್ಲೇ ಎದ್ದಿರ್ಬೇಕು, ಸೊಳ್ಳೆನೂ ಅಲ್ಲೇ ಇರತ್ತೆ, ಆಗ ಕೈಗೆ ಬರೋದು ಪರದೆ ಮತ್ತೆ ಈ ಬ್ಯಾಟ್ ಎರಡೇ. ಅದಕ್ಕೇ ಬ್ಯಾಟ್ ಸದ್ದು ಮಾಡ್ಲಿಲ್ಲ ಅಂತ ತಿಪ್ಪೆಗೆ ಎಸೆದು ಹೊಸದು ತರೋದು ನೋಡಿದ್ರೆ ನಂಗೆ ತಡಿಯಕ್ಕಾಗಲ್ಲ. ಸತ್ತೋಯ್ತು ಅನ್ನೋ ಬ್ಯಾಟುಗಳಲ್ಲಿ ಸುಮಾರಕ್ಕೆ ಹೋಗಿರೋದು ಬ್ಯಾಟ್ರಿ, ಇಲ್ಲಾಂದ್ರೆ ಒಂದು ವೈರು, ಇಲ್ಲಾಂದ್ರೆ ಜಾಲರಿಲಿ ಕಸ, ಅಷ್ಟೇ.

ಒಳಗೇನಿದೆ ಅಂತ ಮೊದ್ಲು ತಿಳ್ಕೊಳ್ಳಿ, ಆಮೇಲೆ ಹುಡುಕೋದು ಸುಲಭ. ಹಿಡಿಯೊಳಗೆ ಒಂದು 4 ವೋಲ್ಟ್ ಲೆಡ್ ಬ್ಯಾಟ್ರಿ (ಹೊಸ ಮಾಡೆಲ್‌ಗಳಲ್ಲಿ 3.7 ವೋಲ್ಟ್ ಲಿಥಿಯಂ ಸೆಲ್), ಅದರ ಪಕ್ಕ ಪುಟ್ಟ ಬೋರ್ಡು. ಬಟನ್ ಒತ್ತಿದಾಗ ಬೋರ್ಡಲ್ಲಿರೋ ಒಂದು ಟ್ರಾನ್ಸಿಸ್ಟರು ಬ್ಯಾಟ್ರಿ ಕರೆಂಟನ್ನ ಬಹಳ ಸ್ಪೀಡಾಗಿ ಆನ್ ಆಫ್ ಮಾಡತ್ತೆ, ಅದು ಚಿಕ್ಕ ಟ್ರಾನ್ಸ್‌ಫಾರ್ಮರ್ ಮೂಲಕ ಹೋಗಿ, ಅಲ್ಲಿಂದ ಡಯೋಡು (ಕರೆಂಟನ್ನ ಒಂದೇ ಕಡೆ ಬಿಡೋದು) ಕೆಪಾಸಿಟರ್ (ಚಾರ್ಜ್ ಹಿಡಿದಿಟ್ಕೊಳ್ಳೋದು) ಸಾಲಲ್ಲಿ ಮೆಟ್ಟಿಲು ಹತ್ತಿದ ಹಾಗೆ ಏರ್ತಾ ಏರ್ತಾ ಸಾವಿರ ಎರಡು ಸಾವಿರ ವೋಲ್ಟ್ ಆಗತ್ತೆ. ಮೂರು ಪದರ ಜಾಲರಿ ಇರೋ ಬ್ಯಾಟಲ್ಲಿ ಹೊರಗಿನ ಎರಡೂ ಒಂದೇ ಕಡೆ ಸೇರಿರ್ತವೆ, ನಡುವಿಂದು ಇನ್ನೊಂದು ಕಡೆ, ಸೊಳ್ಳೆ ಇವೆರಡರ ಮಧ್ಯ ಸಿಕ್ಕಾಗ ಚಟ್ ಅನ್ನತ್ತೆ.

ಇನ್ನು ಹುಷಾರಿನ ಮಾತು, ಇದನ್ನ ಓದದೆ ಮುಂದೆ ಹೋಗ್ಬೇಡಿ. ಒಂದು, ಪ್ಲಗ್ಗಿಗೆ ನೇರ ಸಿಗ್ಸೋ ಬ್ಯಾಟಲ್ಲಿ ಚಾರ್ಜಿಂಗಿಗೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಒಂದು ಕೆಪಾಸಿಟರ್ ಇಟ್ಟು 230 ವೋಲ್ಟನ್ನ ನೇರವಾಗಿ ಬೋರ್ಡಿಗೆ ತಂದಿರ್ತಾರೆ, ಹಂಗಾಗಿ ಪ್ಲಗ್ಗಲ್ಲಿದ್ದಾಗ ಒಳಗಿನ ಬ್ಯಾಟ್ರಿ ವೈರು ಮುಟ್ಟಿದ್ರೂ ಮೇನ್ಸ್ ಕರೆಂಟೇ ಹೊಡಿಯತ್ತೆ. ಬಿಚ್ಚಿದ ಬ್ಯಾಟನ್ನ ಯಾವತ್ತೂ ಪ್ಲಗ್ಗಿಗೆ ಹಾಕ್ಬೇಡಿ, ಒಂದು ನಿಮಿಷಕ್ಕೂ ಬೇಡ. ಎರಡು, ಬಟನ್ ಬಿಟ್ಟ ಮೇಲೂ ಜಾಲರಿ ಕಡೆ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರತ್ತೆ. ಬಿಚ್ಚೋ ಮುಂಚೆ ಪ್ಲಾಸ್ಟಿಕ್ ಹಿಡಿ ಇರೋ ಸ್ಕ್ರೂಡ್ರೈವರ್ ತಗೊಂಡು ನಡುವಿನ ಜಾಲರಿನೂ ಹೊರಗಿನ ಜಾಲರಿನೂ ಒಟ್ಟಿಗೆ ತಾಗ್ಸಿ, ಚಟ್ ಅಂದು ಖಾಲಿಯಾಗತ್ತೆ, ಇನ್ನೊಂದ್ಸಲ ತಾಗ್ಸಿ ಖಾತ್ರಿ ಮಾಡ್ಕೊಳ್ಳಿ. ಮೂರು, ಮಲ್ಟಿಮೀಟರ್ ಕಡ್ಡಿನ ಜಾಲರಿಗೆ ಇಡ್ಬೇಡಿ, ಮಾಮೂಲಿ ಮೀಟರ್ ಅಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ.

ಈಗ ಕೆಲಸ. ಕತ್ತಲೆ ರೂಮಲ್ಲಿ ಬಟನ್ ಒತ್ತಿ ಕಿವಿ ಹತ್ರ ಹಿಡಿದು ಕೇಳಿ (ಹಿಡಿ ಭಾಗ ಮಾತ್ರ, ಜಾಲರಿ ದೂರ ಇರ್ಲಿ). ಸಣ್ಣಗೆ ಕುಂಯ್ ಅಂತ ಸದ್ದು ಬರ್ತಿದೆ ಆದ್ರೆ ಸ್ಕ್ರೂಡ್ರೈವರ್ ಇಟ್ರೆ ಕಿಡಿ ಇಲ್ಲ ಅಂದ್ರೆ ತೊಂದರೆ ಜಾಲರಿ ಕಡೆ. ಸದ್ದೂ ಇಲ್ಲ ಲೈಟೂ ಇಲ್ಲ ಅಂದ್ರೆ ಬ್ಯಾಟ್ರಿ ಅಥವಾ ಸ್ವಿಚ್. ಲೈಟ್ ಹತ್ತತ್ತೆ ಸದ್ದಿಲ್ಲ ಅಂದ್ರೆ ಬ್ಯಾಟ್ರಿ ಸೊರಗಿದೆ, ಇಲ್ಲಾ ಟ್ರಾನ್ಸಿಸ್ಟರ್ ಹೋಗಿದೆ.

ಬ್ಯಾಟ್ರಿ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಮುಕ್ಕಾಲು ಪಾಲು ಕಥೆ ಇಲ್ಲೇ. ಚಾರ್ಜಿಗೆ ಹಾಕಿದಾಗ ಕೆಂಪು ಲೈಟ್ ಹತ್ತತ್ತೆ ಅಂತ ಚಾರ್ಜ್ ಆಗ್ತಿದೆ ಅಂದ್ಕೋಬೇಡಿ, ಎಷ್ಟೋ ಬ್ಯಾಟಲ್ಲಿ ಬ್ಯಾಟ್ರಿ ವೈರ್ ಕಿತ್ತೋಗಿದ್ರೂ ಆ ಲೈಟ್ ಉರಿತಾನೇ ಇರತ್ತೆ. ಸರಿಯಾದ ದಾರಿ ಇದು: ಪ್ಲಗ್ಗಿಂದ ತೆಗೆದು, ಬಿಚ್ಚಿ, ಬ್ಯಾಟ್ರಿ ಎಷ್ಟು ವೋಲ್ಟ್ ತೋರ್ಸತ್ತೆ ಅಂತ ಮೀಟರಲ್ಲಿ ನೋಡಿ ಬರ್ಕೊಳ್ಳಿ, ಮತ್ತೆ ಮುಚ್ಚಿ ಸ್ಕ್ರೂ ಹಾಕಿ ಒಂದೆರಡು ಗಂಟೆ ಚಾರ್ಜಿಗಿಡಿ, ತೆಗೆದು ಮತ್ತೆ ಬಿಚ್ಚಿ ನೋಡಿ. ವೋಲ್ಟ್ ಸ್ವಲ್ಪನೂ ಏರಿಲ್ಲ ಅಂದ್ರೆ ಚಾರ್ಜಿಂಗ್ ಕಡೆ ತೊಂದರೆ: ಮಡಚೋ ಪಿನ್ನು ಒಳಗಿನ ತಗಡಿಗೆ ತಾಗ್ತಿರಲ್ಲ, ತಗಡು ಕಪ್ಪಾಗಿರತ್ತೆ, ಮರಳು ಕಾಗದದಲ್ಲಿ ಉಜ್ಜಿ ತಗಡನ್ನ ಸ್ವಲ್ಪ ಎತ್ತಿದ್ರೆ ಸಾಕು. ಏರಿದೆ, 4 ವೋಲ್ಟ್ ಮೇಲೆ ತೋರ್ಸತ್ತೆ, ಆದ್ರೆ ಬಟನ್ ಒತ್ತಿದ ಕೂಡ್ಲೆ 3ಕ್ಕಿಂತ ಕೆಳಗೆ ಬಿದ್ದೋಗತ್ತೆ ಅಂದ್ರೆ ಬ್ಯಾಟ್ರಿ ಮುಗೀತು. ಬರೀ 2 ವೋಲ್ಟ್ ಹತ್ರ ನಿಂತಿದ್ರೆ ಒಳಗಿನ ಎರಡು ಸೆಲ್ಲಲ್ಲಿ ಒಂದು ಸತ್ತಿದೆ, ಅದನ್ನೂ ಬದಲಾಯಿಸ್ಲೇಬೇಕು.

ಹೊಸದು ತರುವಾಗ ಹಳೇದನ್ನ ಜೊತೆಗೇ ತಗೊಂಡೋಗಿ, ಅಳತೆ ಹೊಂದಬೇಕಲ್ಲ. ಸಣ್ಣ ಎಮರ್ಜೆನ್ಸಿ ಲೈಟಿಗೆ ಹಾಕೋ 4 ವೋಲ್ಟ್ ಬ್ಯಾಟ್ರಿ ಜಾತಿನೇ ಇದು, ಚಿಕ್ಕಬಳ್ಳಾಪುರ, ಚಿಂತಾಮಣಿಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಲಿ ಕೇಳಿ, ಸಿಗ್ಲಿಲ್ಲ ಅಂದ್ರೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಲ್ಲಿ ಬ್ಯಾಟ್ರಿ, ಟ್ರಾನ್ಸಿಸ್ಟರ್, ಡಯೋಡ್ ಎಲ್ಲಾ ಬಿಡಿಬಿಡಿಯಾಗಿ ಸಿಗತ್ತೆ. ಕೆಂಪು ವೈರ್ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ, ಉಲ್ಟಾ ಹಾಕಿದ್ರೆ ಟ್ರಾನ್ಸಿಸ್ಟರ್ ಸುಟ್ಟೋಗ್ಬೋದು. ಒಂದು ಮಾತ್ರ ದಯವಿಟ್ಟು ಮಾಡ್ಬೇಡಿ, ಲೆಡ್ ಬ್ಯಾಟ್ರಿ ಇದ್ದ ಜಾಗಕ್ಕೆ ಹಳೇ ಪವರ್ ಬ್ಯಾಂಕಿನ ಲಿಥಿಯಂ ಸೆಲ್ ಜೋಡಿಸೋದು. ಈ ಅಗ್ಗದ ಬೋರ್ಡಲ್ಲಿ ತುಂಬಿದ ಮೇಲೆ ಕಟ್ ಆಗೋ ವ್ಯವಸ್ಥೆ ಇರಲ್ಲ, ಲಿಥಿಯಂ ಸೆಲ್ ಓವರ್ ಚಾರ್ಜ್ ಆಗಿ ಊದಿ ಬೆಂಕಿ ಹತ್ತೋ ಅಪಾಯ ಇದೆ, ಅದೂ ಒಣಗಿದ ಚಂದ್ರಿಕೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ಜೋಡಿಸಿಟ್ಟಿರೋ ಮನೇಲಿ.

ಚಾರ್ಜ್ ಆಗತ್ತೆ ಆದ್ರೆ ಇಡೀ ದಿನ ಬೇಕು ಅನ್ನೋರಿಗೆ: ಆ ಮೇನ್ಸ್ ಕೆಪಾಸಿಟರ್ ಹಳೇದಾದ್ರೆ ಶಕ್ತಿ ಕಮ್ಮಿಯಾಗತ್ತೆ. 1 ಮೈಕ್ರೋಫ್ಯಾರಡ್ (ಕೆಪಾಸಿಟರ್ ಅಳತೆ) ಇದ್ರೆ ನಮ್ಮ 230 ವೋಲ್ಟ್ 50 ಹರ್ಟ್ಸಲ್ಲಿ ಸುಮಾರು 70 ಮಿಲಿಆಂಪ್ ಬಿಡತ್ತೆ, ಅದು ಅರ್ಧ ಆದ್ರೆ ಕರೆಂಟೂ ಅರ್ಧ, ಟೈಮ್ ಡಬಲ್. ಅದರ ಮೇಲೆ ಬರೆದಿರೋ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ವೋಲ್ಟಿಂದು ಹಾಕಿ, ದೊಡ್ಡದು ಹಾಕಿದ್ರೆ ಬೇಗ ಆಗತ್ತೆ ಅನ್ನೋ ಆಸೆ ಬೇಡ.

ಜಾಲರಿ ಕಡೆ ಬನ್ನಿ. ಬಟನ್ ಒತ್ತಿದ ತಕ್ಷಣ ಸೊಳ್ಳೆ ಇಲ್ದೇನೇ ಚಟಚಟ ಅಂತಿದ್ರೆ ಎಲ್ಲೋ ಸುಟ್ಟ ಹುಳದ ಕಾಲು ರೆಕ್ಕೆ ಅಂಟಿದೆ ಅಥವಾ ಕೆಳಗೆ ಬಿದ್ದು ಜಾಲರಿ ಬಗ್ಗಿದೆ. ಕತ್ತಲಲ್ಲಿ ನೋಡಿದ್ರೆ ಕಿಡಿ ಹಾರೋ ಜಾಗ ಗೊತ್ತಾಗತ್ತೆ. ಚಾರ್ಜ್ ಖಾಲಿ ಮಾಡಿ, ಒಣಗಿದ ಹಲ್ಲುಜ್ಜೋ ಬ್ರಶ್ಶಲ್ಲಿ ಕೆಡವಿ, ಬಗ್ಗಿದ್ದನ್ನ ಕಡ್ಡಿಲಿ ಮೆಲ್ಲಗೆ ಎತ್ತಿ. ನೀರಲ್ಲಿ ತೊಳೆಯೋದು ಬೇಡ. ಮಳೆಗಾಲದಲ್ಲಿ ತೇವ ಹಿಡಿದ್ರೂ ಕಿಡಿ ಕುಗ್ಗತ್ತೆ, ಗಾಳಿಗೆ ಒಣಗೋಕೆ ಬಿಟ್ಟು ಆಮೇಲೆ ನೋಡಿ. ಜಾಲರಿ ಕ್ಲೀನಾಗಿದೆ, ಕುಂಯ್ ಅಂತಿದೆ, ಆದ್ರೂ ಕಿಡಿ ಇಲ್ವಾ? ಹಿಡಿ ಕುತ್ತಿಗೆ ಹತ್ರ ಜಾಲರಿಗೆ ಹೋಗೋ ವೈರು ಬೆಸುಗೆ ಬಿಟ್ಟಿರತ್ತೆ, ಬೀಸಿ ಬೀಸಿ ಮೊದ್ಲು ಕೀಳೋದೇ ಅಲ್ಲಿ. ಅದೂ ಸರಿ ಇದ್ರೆ ಹೈ ವೋಲ್ಟೇಜ್ ಕೆಪಾಸಿಟರ್ ಡಯೋಡಲ್ಲಿ ಒಂದು ಹೋಗಿದೆ, ಬೆಸುಗೆ ಗೊತ್ತಿಲ್ದೋರು ಅಲ್ಲಿಗೆ ನಿಲ್ಸಿ ರಿಪೇರಿಯೋರಿಗೆ ಕೊಡಿ.

ಇನ್ನೊಂದು, ಬೇಕರಿ, ಮಟನ್ ಅಂಗಡಿ, ಹಾಲಿನ ಡೈರಿಲಿ ತೂಗಾಕೋ ನೀಲಿ ಟ್ಯೂಬಿನ ಮಿಷಿನ್. ಅದು ನೊಣಕ್ಕೆ ಒಳ್ಳೇದು, ಸೊಳ್ಳೆ ಬರೋದು ನಮ್ಮ ಉಸಿರು ಮೈವಾಸನೆಗೆ, ಹಂಗಾಗಿ ಸೊಳ್ಳೆ ಬೀಳ್ತಿಲ್ಲ ಅಂತ ಅದನ್ನ ಕೆಟ್ಟಿದೆ ಅನ್ಬೇಡಿ. ಟ್ಯೂಬ್ ಮಿಣಮಿಣ ಅಂತಿದ್ರೆ ಮೊದ್ಲು ಸ್ಟಾರ್ಟರ್ ಬದಲಾಯ್ಸಿ. ಚೆನ್ನಾಗಿ ಉರಿತಿದ್ರೂ ನೊಣ ಬರ್ತಿಲ್ಲ ಅಂದ್ರೆ ಟ್ಯೂಬ್ ಹಳೇದಾಗಿದೆ, ನೀಲಿ ಬೆಳಕು ಕಂಡ್ರೂ ನೊಣನ ಎಳೆಯೋ ಅಲ್ಟ್ರಾ ವಯಲೆಟ್ ಕಮ್ಮಿಯಾಗಿರತ್ತೆ, ದಿನಾ ಉರಿಸೋ ಕಡೆ ವರ್ಷಕ್ಕೊಮ್ಮೆ ಬದಲಾಯಿಸ್ಬೇಕು, ಮಾಮೂಲಿ ಬಿಳಿ ಟ್ಯೂಬ್ ಹಾಕಿದ್ರೆ ಆಗಲ್ಲ. ಇದ್ರ ಜಾಲರಿ ಕರೆಂಟ್ ಬ್ಯಾಟಿಗಿಂತ ಜೋರು, ಮೇನ್ಸಿಂದ ನಡಿಯತ್ತೆ, ಟ್ರಾನ್ಸ್‌ಫಾರ್ಮರ್ ಕೆಲಸ ಎಲೆಕ್ಟ್ರಿಷಿಯನ್ನಿಗೇ ಬಿಡಿ. ತೂಗಾಕೋವಾಗ ತಿಂಡಿ ಇಡೋ ಜಾಗದ ಮೇಲೆ ಬೇಡ, ಸಿಡಿದ ನೊಣದ ಚೂರು ಕೆಳಗೇ ಬೀಳತ್ತೆ.

ಬ್ಯಾಟ್ ಇರ್ಲಿ ಮಿಷಿನ್ ಇರ್ಲಿ, ಗ್ಯಾಸ್ ವಾಸನೆ ಬಂದಾಗ ಬಟನ್ ಮುಟ್ಬೇಡಿ. ಬೇಸಿಗೆಲಿ ಸೊಳ್ಳೆ ಕಮ್ಮಿ ಅಂತ ಅಟ್ಟಕ್ಕೆ ಹಾಕೋ ಮುಂಚೆ ಪೂರ್ತಿ ಚಾರ್ಜ್ ಮಾಡಿ, ತಿಂಗಳಿಗೊಂದ್ಸಲ ಇಳಿಸಿ ಮತ್ತೆ ಚಾರ್ಜ್ ಮಾಡಿ, ಲೆಡ್ ಬ್ಯಾಟ್ರಿ ಖಾಲಿ ಬಿದ್ದಿದ್ರೆ ಒಳಗೆ ಗಟ್ಟಿಕಟ್ಟಿ ಮತ್ತೆ ಏಳಲ್ಲ. ಸತ್ತ ಬ್ಯಾಟ್ರಿಲಿ ಸೀಸ, ನೀಲಿ ಟ್ಯೂಬಲ್ಲಿ ಪಾದರಸ ಇರತ್ತೆ, ತಿಪ್ಪೆಗೆ ಹಾಕಿದ್ರೆ ಅದೇ ಗೊಬ್ಬರದ ಜೊತೆ ಹಿಪ್ಪುನೇರಳೆ ತೋಟಕ್ಕೆ ಹೋಗತ್ತೆ. ಬ್ಯಾಟ್ರಿ ಹೊಸದು ತಗೊಳ್ಳೋ ಅಂಗಡಿಗೇ ಹಳೇದು ಕೊಡಿ, ಇಲ್ಲಾ ಗುಜರಿಯೋರಿಗೆ ಹಾಕಿ, ಟ್ಯೂಬ್ ಮಾತ್ರ ಒಡೀದೆ ರಟ್ಟಿನ ಡಬ್ಬಿಲಿ ಸುತ್ತಿ ಕಸದ ಗಾಡಿಯೋರಿಗೆ ಬೇರೆಯಾಗಿ ಹೇಳಿ ಕೊಡಿ.