ಕಾರಣ ಸಿಗದ ಜ್ವರ ಮತ್ತು ನನ್ನ ರೋಕಡಿ ಪುಸ್ತಕ

ಮಾರ್ಚ್ ತಿಂಗಳ ಧಗೆಯ ಸಂಜೆ, ಸಾಗರದ ಹತ್ತಿರ ನಾನು ಲೆಕ್ಕ ಬರೆಯುವ ಅಡಿಕೆ ಸೊಸೈಟಿ. ತೂಕದ ಚೀಟಿ ಬರೆಯುತ್ತಿದ್ದವನಿಗೆ ಬೆನ್ನಿನಲ್ಲಿ ತಣ್ಣೀರು ಇಳಿದ ಹಾಗಾಯಿತು. ಅಂಕಿಗಳು ಗೆರೆ ಬಿಟ್ಟು ಓಡತೊಡಗಿದವು. ಉಗುರು ನೀಲಿಗಟ್ಟಿತ್ತು. ಮನೆಗೆ ಬಂದು ಎರಡು ಕಂಬಳಿ ಹೊದ್ದರೂ ಮಂಚ ಗಡಗಡ ಸದ್ದು ಮಾಡುತ್ತಿತ್ತು. ನಡುಕ ನಿಂತ ಮೇಲೆ ನೋಡಿದರೆ 103.4. ರಾತ್ರಿ ಹನ್ನೊಂದಕ್ಕೆ ಬನಿಯನ್ ಹಿಂಡುವಷ್ಟು ಬೆವರು. ಬೆಳಿಗ್ಗೆ ಎದ್ದು ನಾಲ್ಕು ದೋಸೆ ತಿಂದು ಕೆಲಸಕ್ಕೆ ಹೋದೆ, ಏನೂ ಆಗಿಯೇ ಇಲ್ಲವೆಂಬಂತೆ.

ಮೂರು ವಾರ ಬಿಟ್ಟು ಮತ್ತೆ ಅದೇ. ಆಮೇಲೆ ಆರು ವಾರಕ್ಕೆ. ಮೊದಲ ವರ್ಷ ನನಗೆ ಮೂರು ಸಲ ‘ಟೈಫಾಯ್ಡ್’ ಆಯಿತು. ಪ್ರತಿ ಸಲ ವಿಡಾಲ್ ಪರೀಕ್ಷೆ, ಪ್ರತಿ ಸಲ ಪಾಸಿಟಿವ್, ಪ್ರತಿ ಸಲ ಹತ್ತು ದಿನ ಗಂಜಿ. ಹಿಂದೆಂದೋ ತಗುಲಿದ ಸೋಂಕಿನ ಕುರುಹಿದ್ದರೂ, ಬೇರೆ ಸೋಂಕಿದ್ದರೂ ಆ ಪರೀಕ್ಷೆ ಪಾಸಿಟಿವ್ ಬರಬಹುದು, ಒಂದು ಸಲದ ವಿಡಾಲ್ ನಂಬಿ ಕೂರಬಾರದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಡಾಕ್ಟರನ್ನು ದೂರುವುದಿಲ್ಲ. ನಮ್ಮ ಕಡೆ ಜ್ವರ ಅಂದರೆ ಯೋಚಿಸಬೇಕಾದ್ದು ಒಂದೆರಡಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಲಗೋಡಿನಲ್ಲಿ ಜನ ಸತ್ತರು. ಬೇಸಿಗೆಯಲ್ಲಿ ಮೈ ಬಿಸಿಯಾದರೆ ಆಶಾ ಕಾರ್ಯಕರ್ತೆಯ ಮೊದಲ ಪ್ರಶ್ನೆ, ‘ಕಾಡಿಗೆ ದರಗು ಗುಡಿಸೋಕೆ ಹೋಗಿದ್ರಾ?’

ದಾರಿ ತೋರಿಸಿದ್ದು ಜ್ವರವಲ್ಲ, ತುರಿಕೆ. ಅಂಗೈ ಅಂಗಾಲು ರಾತ್ರಿಯಿಡೀ ಕೆರೆತ, ಚರ್ಮದ ಮೇಲೆ ಮಾತ್ರ ಒಂದು ಗುಳ್ಳೆಯೂ ಇಲ್ಲ. ಚರ್ಮದ ಡಾಕ್ಟರೇ ಲಿವರ್ ಪರೀಕ್ಷೆ ಬರೆದರು. ಪಿತ್ತ ಕಟ್ಟಿಕೊಂಡರೆ ರಕ್ತದಲ್ಲಿ ಏರುವ ಎಎಲ್‌ಪಿ ಎಂಬ ಕಿಣ್ವ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಬೆಂಗಳೂರಿನಲ್ಲಿ ಪಿತ್ತನಾಳಗಳನ್ನು ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್ ಆಯಿತು. ಪಿತ್ತನಾಳಗಳು ಒಂದು ಕಡೆ ಕುಗ್ಗಿ, ಮುಂದೆ ಉಬ್ಬಿ, ಮತ್ತೆ ಕುಗ್ಗಿ ಪೋಣಿಸಿದ ಮಣಿಸರದಂತೆ ಕಂಡವು. ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್, ಪಿಎಸ್‌ಸಿ: ಪಿತ್ತನಾಳಗಳು ಉರಿಯೂತದಿಂದ ಗಾಯಗಟ್ಟಿ ಕಿರಿದಾಗುವ ಲಿವರ್ ಕಾಯಿಲೆ. ಜೊತೆಗೆ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಕೂಡ ಸಿಕ್ಕಿತು. ಇವೆರಡೂ ಬಹಳ ಮಂದಿಯಲ್ಲಿ ಜೋಡಿಯಾಗಿಯೇ ಇರುತ್ತವಂತೆ. ಊರಿಗೆ ಬಂದರೆ ನೆಂಟರ ಒಂದೇ ಪ್ರಶ್ನೆ: ‘ಕುಡೀತಿದ್ಯೇನೋ?’ ಲಿವರ್ ಕೆಟ್ಟವರೆಲ್ಲ ಕುಡುಕರು ಎಂಬ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಅಮ್ಮ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ತಂದಳು. ಡಾಕ್ಟರನ್ನು ಕೇಳದೆ ಯಾವ ಸೊಪ್ಪೂ ಕುಡಿಯುವ ಹಾಗಿಲ್ಲ ಎಂದು ಅವಳಿಗೆ ಒಪ್ಪಿಸಲು ಎರಡು ತಿಂಗಳು ಬೇಕಾಯಿತು.

ಈ ಜ್ವರ ಹೀಗೇಕೆ ಬಂದು ಹೀಗೇಕೆ ಹೋಗುತ್ತದೆ ಎಂದು ನನಗೆ ಅರ್ಥವಾದದ್ದು ತೋಟದ ಬಸಿಗಾಲುವೆಯಿಂದ. ಮಳೆಗಾಲದಲ್ಲಿ ಒಂದು ಸೋಗೆ ಬಿದ್ದು ಕಾಲುವೆ ಕಟ್ಟಿಕೊಂಡರೆ ಹಿಂದಿನ ನೀರು ನಿಂತು ಕೊಳೆಯುತ್ತದೆ, ಏರಿ ದಾಟಿ ತೋಟಕ್ಕೆ ನುಗ್ಗುತ್ತದೆ. ಸೋಗೆ ಸರಿದರೆ ಸರ್ರನೆ ಇಳಿಯುತ್ತದೆ. ಕುಗ್ಗಿದ ನಾಳದ ಹಿಂದೆ ಪಿತ್ತರಸ ನಿಂತಾಗಲೂ ಇದೇ ಕಥೆ. ಕರುಳಿನ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು, ಒತ್ತಡ ಹೆಚ್ಚಿ ರಕ್ತಕ್ಕೆ ನುಗ್ಗಿದ ಗಳಿಗೆಯಲ್ಲಿ ಆ ನಡುಕ. ಪಿತ್ತ ಹರಿದುಹೋದರೆ ಜ್ವರವೂ ಮಾಯ. ಹಾಗಾಗಿ ಮರುದಿನ ಲ್ಯಾಬಿಗೆ ಹೋದರೆ ‘ಎಲ್ಲಾ ನಾರ್ಮಲ್’. ಆ ಎರಡು ಶಬ್ದಕ್ಕೆ ನಾನು ಹೆದರುವಷ್ಟು 103ಕ್ಕೂ ಹೆದರಿಲ್ಲ. ಹಾಸಿಗೆ ನಡುಗಿಸಿದವನನ್ನು ಸುಳ್ಳುಗಾರನ ಹಾಗೆ ನಿಲ್ಲಿಸಿಬಿಡುತ್ತದೆ ಅದು. ಜ್ವರ, ಕಾಮಾಲೆ, ಬಲ ಪಕ್ಕೆಯ ಕೆಳಗೆ ನೋವು: ಈ ಮೂರನ್ನು ಜೋಡಿಸಿ ಪಿತ್ತನಾಳದ ಸೋಂಕಿನ ಗುರುತೆಂದು ಫ್ರಾನ್ಸಿನ ವೈದ್ಯ ಶಾರ್ಕೋ 1877ರಲ್ಲೇ ಹೇಳಿದ್ದಾನೆ. ಆದರೆ ನನಗೆ ಮೂರೂ ಒಟ್ಟಿಗೆ ಬಂದದ್ದು ಒಂದೇ ಒಂದು ಸಲ. ಉಳಿದಂತೆ ಬರೀ ಜ್ವರ.

ಹೀಗಾಗಿ ಸೊಸೈಟಿಯ ಹಳೇ ರೋಕಡಿ ಪುಸ್ತಕವೊಂದನ್ನು ಮನೆಗೆ ತಂದೆ. ಉದ್ದ ಪುಟ, ಕೆಂಪು ಗೆರೆ. ಜಮಾ-ಖರ್ಚಿನ ಕಂಬಗಳ ಮೇಲೆ ಹೊಸ ತಲೆಬರಹ ಬರೆದೆ: ನಡುಕ ಶುರುವಾದ ಹೊತ್ತು, ಎಷ್ಟು ನಿಮಿಷ, ಜ್ವರ ಎಷ್ಟು, ಮೂತ್ರದ ಬಣ್ಣ, ಮಲದ ಬಣ್ಣ, ತುರಿಕೆ, ನೋವು, ನುಂಗಿದ ಮಾತ್ರೆ. ಕೊನೆಯ ಕಂಬ ‘ಕಾರಣ’. ಮೂತ್ರದ ಬಣ್ಣಕ್ಕೆ ನನ್ನದೇ ಅಳತೆ: ನೀರು, ನಿಂಬೆ ಪಾನಕ, ಲೈಟ್ ಟೀ, ಕಷಾಯ. ಹೆಂಡತಿ ನಕ್ಕಳು. ಆದರೆ ಬೆಂಗಳೂರಿನ ಡಾಕ್ಟರ್ ಓಪಿಡಿಯಲ್ಲಿ ಐದು ನಿಮಿಷ ಸುಮ್ಮನೆ ಪುಟ ತಿರುವಿ, ‘ನಡುಕ ಬರೋ ಹಿಂದಿನ ಎರಡು ದಿನ ತುರಿಕೆ ಜಾಸ್ತಿ ಆಗಿದೆ ನೋಡಿ, ಎಂಟರಲ್ಲಿ ಆರು ಸಲ’ ಎಂದರು. ನಾನೇ ಬರೆದದ್ದು, ನನಗೇ ಕಂಡಿರಲಿಲ್ಲ.

ಅವತ್ತು ಅವರು ಕಲಿಸಿದ್ದು ಇನ್ನೊಂದು: ಆ್ಯಂಟಿಬಯಾಟಿಕ್ ಬಾಯಿಗೆ ಹಾಕುವ ಮೊದಲು ರಕ್ತ ಕಲ್ಚರ್‌ಗೆ, ಅಂದರೆ ಅದರಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಹೋಗಬೇಕು. ಸಾಧ್ಯವಾದರೆ ನಡುಕದ ಹೊತ್ತಿನಲ್ಲೇ, ಎರಡು ಬೇರೆ ಕಡೆಯಿಂದ. ನಾನು ಅಲ್ಲಿಯವರೆಗೆ ಮಾಡುತ್ತಿದ್ದದ್ದು ತದ್ವಿರುದ್ಧ. ಮೈ ಬೆಚ್ಚಗಾಯಿತೋ ಇಲ್ಲವೋ, ಮೆಡಿಕಲ್ ಶಾಪಿನಿಂದ ಸಿಪ್ರೋಫ್ಲಾಕ್ಸಸಿನ್ ತರಿಸಿ ಎರಡು ದಿನ ನುಂಗಿ ನಿಲ್ಲಿಸುವುದು. ಅದರ ಫಲ ಮುಂದಿನ ನಡುಕದಲ್ಲಿ ಸಿಕ್ಕಿತು. ಹೆಂಡತಿ ಆಟೋ ಹತ್ತಿಸಿ ನಡುಗುತ್ತಿದ್ದವನನ್ನೇ ಕರೆದೊಯ್ದಳು, ನರ್ಸ್ ನನ್ನ ಕೈಯನ್ನು ತನ್ನ ಮೊಣಕೈಯಿಂದ ಅದುಮಿ ಹಿಡಿದು ರಕ್ತ ತೆಗೆದರು. ಮೂರನೇ ದಿನ ವರದಿ: ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ, ಸಿಪ್ರೋಗೆ ಬಗ್ಗುವುದಿಲ್ಲ. ಎರಡು ವರ್ಷದಲ್ಲಿ ಜ್ವರಕ್ಕೆ ಸಿಕ್ಕ ಮೊದಲ ಹೆಸರು ಅದು. ಖುಷಿಪಟ್ಟೆ ಅಂದರೆ ನಂಬುತ್ತೀರೋ ಇಲ್ಲವೋ. ಅವತ್ತು ಅಡ್ಮಿಟ್ ಮಾಡಿಕೊಂಡು ನರದ ಮೂಲಕ ಬೇರೆ ಔಷಧ ಕೊಟ್ಟರು. ಮುಂದಿನ ವಾರ ಬೆಂಗಳೂರಿನಲ್ಲಿ ಇಆರ್‌ಸಿಪಿ ಮಾಡಿ, ಅಂದರೆ ಬಾಯಿಯಿಂದ ಪಿತ್ತನಾಳದ ತುದಿಯವರೆಗೆ ಕೊಳವೆ ಇಳಿಸಿ, ಕುಗ್ಗಿದ ದೊಡ್ಡ ನಾಳವನ್ನು ಬಲೂನಿನಿಂದ ಅಗಲಿಸಿದರು. ಅಲ್ಲೇ ಬ್ರಷ್ ಆಡಿಸಿ ಕ್ಯಾನ್ಸರ್ ಪರೀಕ್ಷೆಗೂ ಕಳಿಸಿದರು, ಈ ಕಾಯಿಲೆಯವರಲ್ಲಿ ಆ ಭಯ ಇದ್ದೇ ಇದೆ. ಕ್ಯಾನ್ಸರ್ ಇರಲಿಲ್ಲ. ಆಮೇಲೆ ಏಳು ತಿಂಗಳು ನಡುಕವಿಲ್ಲ.

ಪಿತ್ತನಾಳದ ಮೇಲೇ ಗೂಬೆ ಕೂರಿಸಿ ಎಡವಿದ್ದೂ ಉಂಟು. ಒಂದು ಜುಲೈನಲ್ಲಿ ಜ್ವರ ಬಂತು, ಬ್ಯಾಗು ಕಟ್ಟಿಯಾಯಿತು. ಆದರೆ ಪುಸ್ತಕದಲ್ಲಿ ಬರೆಯುವಾಗ ಹೆಂಡತಿಯೇ ತಡೆದಳು: ‘ಇದು ನಿಮ್ಮ ಮಾಮೂಲಿ ಜ್ವರ ಅಲ್ಲಾರೀ. ನಡುಕ ಎಲ್ಲಿದೆ? ಎರಡು ದಿನದಿಂದ ಇಳಿದೇ ಇಲ್ಲ. ಮೂತ್ರ ನಿಂಬೆ ಪಾನಕ ಅಂತ ನೀವೇ ಬರೆದಿದ್ದೀರಿ.’ ಕಣ್ಣಿನ ಹಿಂದೆ ಸಿಡಿತ ಬೇರೆ. ಅದು ಡೆಂಗಿ. ಲಿವರ್ ಕಾಯಿಲೆಯಿಂದ ಗುಲ್ಮ (ಸ್ಪ್ಲೀನ್) ಊದಿ ನನ್ನ ಪ್ಲೇಟ್‌ಲೆಟ್ ಯಾವಾಗಲೂ ಕಡಿಮೆಯೇ. ಹಳೇ ಅಂಕಿಗಳು ಪುಸ್ತಕದಲ್ಲಿದ್ದುದರಿಂದ ಹೊಸದಾಗಿ ಎಷ್ಟು ಇಳಿಯಿತೆಂದು ಡಾಕ್ಟರಿಗೆ ತಿಳಿಯಿತು. ಜ್ವರಕ್ಕೆ ನನಗೆ ಪ್ಯಾರಸಿಟಮಾಲ್ ಮಾತ್ರ, ಅದೂ ದಿನಕ್ಕೆ 2 ಗ್ರಾಂ ದಾಟದಂತೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಮನೆಯಲ್ಲೇ ಇಟ್ಟಿಲ್ಲ.

ಈಗಿನ ಕ್ರಮ ಹೇಳುತ್ತೇನೆ. ಇದು ನನ್ನ ಡಾಕ್ಟರ್ ನನಗೆ ಹಾಕಿಕೊಟ್ಟದ್ದು, ಬೇರೆಯವರ ಲಿವರ್‌ಗೆ ಬೇರೆ ಲೆಕ್ಕ. 100.4 ದಾಟಿದರೆ ಅಥವಾ ನಡುಕ ಬಂದರೆ ಫೋನ್. ಅವರು ಹೂಂ ಎಂದರೆ ರಕ್ತ ಕೊಟ್ಟು, ಆಮೇಲೆ ಮನೆಯಲ್ಲಿಟ್ಟಿರುವ ಆ್ಯಂಟಿಬಯಾಟಿಕ್, ಅದೂ ಪೂರ್ತಿ ಕೋರ್ಸ್. ಮಾತು ತಡವರಿಸಿದರೆ, ಬಿಪಿ ಇಳಿದರೆ, ಕಣ್ಣು ಹಳದಿಯಾದರೆ ಫೋನೂ ಇಲ್ಲ, ಸೀದಾ ಆಸ್ಪತ್ರೆ. ಪಿತ್ತ ಹರಿಯಲೆಂದು ಕೊಡುವ ಉರ್ಸೋ ಮಾತ್ರೆ ನಡೆದಿದೆ. ಅದು ಎಎಲ್‌ಪಿ ಇಳಿಸುತ್ತದೆ, ಆದರೆ ರೋಗವನ್ನು ನಿಲ್ಲಿಸುತ್ತದೆ ಎನ್ನಲು ಪುರಾವೆಯಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಮುಂದೊಂದು ದಿನ ಲಿವರ್ ಕಸಿಯ ಮಾತು ಬಂದೀತು. ಅದನ್ನು ದಿನಾ ಯೋಚಿಸುವುದನ್ನು ಬಿಟ್ಟಿದ್ದೇನೆ, ಭಾನುವಾರ ಮಾತ್ರ ಯೋಚಿಸುತ್ತೇನೆ.

ಪುಸ್ತಕದಲ್ಲಿ ಇವತ್ತಿಗೆ 41 ಜ್ವರಗಳಿವೆ. ಹದಿನೇಳಕ್ಕೆ ಕಾರಣ ಬರೆದಿದ್ದೇನೆ. ಉಳಿದ ಇಪ್ಪತ್ನಾಲ್ಕರ ಮುಂದೆ ಅಡ್ಡಗೆರೆ. ಲೆಕ್ಕ ತಾಳೆಯಾಗದೆ ರಾತ್ರಿ ನಿದ್ದೆ ಬಾರದ ಜಾತಿಯವನು ನಾನು. ಮೊದಮೊದಲು ಪ್ರತಿ ಅಡ್ಡಗೆರೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. ದೀಪಾವಳಿಯ ಹಿಂದಿನ ದಿನ ಬೂರೆ ನೀರು ತುಂಬುವ ಹೊತ್ತಿಗೆ ಮತ್ತೆ ನಡುಕ ಬಂತು. 102. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಸ್ಕ್ಯಾನ್‌ನಲ್ಲಿ ಹೊಸದೇನಿಲ್ಲ. ಹಬ್ಬ ಮುಗಿದ ಮೇಲೆ ಗೆರೆ ಎಳೆದು, ಪುಸ್ತಕವನ್ನು ತಾಳಗುಪ್ಪದ ರಾತ್ರಿ ರೈಲಿಗೆ ಕಟ್ಟಿಟ್ಟ ಬ್ಯಾಗಿನ ಪಕ್ಕದ ಜೇಬಿಗೆ ಹಾಕಿದೆ. ಥರ್ಮಾಮೀಟರ್ ಇರುವುದೂ ಅಲ್ಲೇ.