ಜಿಮ್ ಡಬ್ಬಿ, ಡಾಕ್ಟರ್ ಚೀಟಿ: ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ?

‘ಬೇರೆ ಏನಾದರೂ ತಗೋತಾ ಇದ್ದೀರಾ?’ ಎಂದು ಡಾಕ್ಟರ್ ಕೇಳಿದರೆ ಜಿಮ್‌ಗೆ ಹೋಗುವವರಲ್ಲಿ ಹಲವರು ‘ಇಲ್ಲ’ ಎಂದುಬಿಡುತ್ತಾರೆ. ಮುಚ್ಚಿಡಬೇಕೆಂದಲ್ಲ. ಶೇಕರ್‌ನಲ್ಲಿ ಅಲ್ಲಾಡಿಸಿ ಕುಡಿಯುವ ಪುಡಿ ಅವರ ಪಾಲಿಗೆ ಔಷಧಿಯೇ ಅಲ್ಲ. ಕಾನೂನೂ ಅದನ್ನು ಆಹಾರವೆಂದೇ ಪರಿಗಣಿಸುತ್ತದೆ. ಆದರೆ ದಿನವೂ ಬಿಪಿ, ಶುಗರ್ ಅಥವಾ ಥೈರಾಯ್ಡ್ ಮಾತ್ರೆ ನುಂಗುವವರಿಗೆ ಆ ಪುಡಿಯಲ್ಲಿ ಏನಿದೆ ಎಂಬುದು ಗೊತ್ತಿರಲೇಬೇಕು.

ಹಾಗೆಂದು ಮಾತ್ರೆ ತೆಗೆದುಕೊಳ್ಳುವವರು ಸಪ್ಲಿಮೆಂಟ್ ಮುಟ್ಟಲೇಬಾರದು ಎಂದೇನಿಲ್ಲ. ಕೆಲವು ತೊಂದರೆಗಳು ಸಮಯ ಬದಲಿಸಿದರೆ ತೀರುತ್ತವೆ. ಇನ್ನು ಕೆಲವು ಎಷ್ಟು ಗಂಟೆ ಅಂತರ ಬಿಟ್ಟರೂ ತೀರುವುದಿಲ್ಲ. ನಿಮ್ಮದು ಇವೆರಡರಲ್ಲಿ ಯಾವುದು ಎಂದು ಮೊದಲು ತಿಳಿದುಕೊಳ್ಳಿ.

1. ಡಬ್ಬಿಯನ್ನು ತಿರುಗಿಸಿ ಓದಿ

ಮುಂದೆ ದೊಡ್ಡಕ್ಷರದಲ್ಲಿರುವುದನ್ನು ಬಿಡಿ, ಹಿಂದಿನ ಸಣ್ಣಕ್ಷರ ನೋಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು, ಅಂಗಡಿಯಲ್ಲೇ ಬಿಟ್ಟು ಬನ್ನಿ. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಬರೆದು ಯಾವುದು ಎಷ್ಟು ಮಿಲಿಗ್ರಾಂ ಎಂದು ಹೇಳದ ಡಬ್ಬಿಯೂ ಬೇಡ. ಪ್ರಮಾಣವೇ ತಿಳಿಯದಿದ್ದರೆ ಡಾಕ್ಟರ್ ತಾನೇ ಏನು ಸಲಹೆ ಕೊಟ್ಟಾರು? ಇನ್ನು ಬರೆದದ್ದೆಲ್ಲ ನಿಜ ಎನ್ನುವಂತೆಯೂ ಇಲ್ಲ. 2024ರಲ್ಲಿ ಕೇರಳದ ವೈದ್ಯರ ತಂಡ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳ ಪರೀಕ್ಷೆಯ ವರದಿ ಪ್ರಕಟಿಸಿತು. ಸುಮಾರು ಶೇ 70ರಷ್ಟರಲ್ಲಿ ಪ್ರೋಟೀನ್ ಮಾಹಿತಿಯೇ ಸರಿಯಿರಲಿಲ್ಲ.

ಲೇಬಲ್‌ನ ಫೋಟೊ, ಮಾತ್ರೆ ಚೀಟಿಯ ಫೋಟೊ ಎರಡೂ ಮೊಬೈಲ್‌ನಲ್ಲಿರಲಿ. ಡಾಕ್ಟರಿಗೋ ಔಷಧ ಅಂಗಡಿಯ ಫಾರ್ಮಸಿಸ್ಟ್‌ಗೋ ತೋರಿಸಿ. ಜಿಮ್ ಟ್ರೇನರ್ ಎಷ್ಟೇ ಒಳ್ಳೆಯವರಾಗಿರಲಿ, ಇದು ಅವರ ವಿಷಯವಲ್ಲ.

2. ಗಂಟೆ ನೋಡಿದರೆ ಸಾಕು ಎನ್ನುವಂಥವು

ಥೈರಾಯ್ಡ್ ಮಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಬೆಳಿಗ್ಗೆ ಐದೂವರೆಗೆ ಮಾತ್ರೆ, ಐದೂಮುಕ್ಕಾಲಿಗೆ ವೇ ಪ್ರೋಟೀನ್, ಆರಕ್ಕೆ ಜಿಮ್ ಎಂದಾದರೆ ಮಾತ್ರೆ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ವೇಯಲ್ಲಿ ಹಾಲಿನ ಕ್ಯಾಲ್ಸಿಯಂ ಇರುತ್ತದೆ. ಸೋಯಾ ಪ್ರೋಟೀನ್ ಕೂಡ ಮಾತ್ರೆಗೆ ಅಡ್ಡಬರುತ್ತದೆ. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಏನನ್ನೂ ತಿನ್ನಬೇಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗಂತೂ ನಾಲ್ಕು ಗಂಟೆ ಅಂತರ ಬೇಕು. ಪ್ರೋಟೀನ್ ಪುಡಿಯನ್ನು ಸಂಜೆಗೆ ಸರಿಸಿದರೆ ಈ ತಲೆನೋವೇ ಇರುವುದಿಲ್ಲ.

ಆಂಟಿಬಯಾಟಿಕ್‌ಗಳಲ್ಲಿ ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಇದೇ ಜಾತಿಗೆ ಸೇರಿದವು. ಕ್ಯಾಲ್ಸಿಯಂ, ಸತು, ಮೆಗ್ನೀಸಿಯಂ ಇವಕ್ಕೆ ಅಂಟಿಕೊಂಡು ಔಷಧಿ ಕೆಲಸ ಮಾಡದಂತೆ ತಡೆಯುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಇವಕ್ಕಿಂತ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಐದು ದಿನದ ಕೋರ್ಸ್‌ಗೆ ಇಷ್ಟೆಲ್ಲ ಲೆಕ್ಕ ಇಡುವ ಬದಲು ಡಬ್ಬಿಗಳನ್ನೇ ಮುಚ್ಚಿಡುವುದು ಸುಲಭ. ಸಿಪ್ರೊಫ್ಲಾಕ್ಸಾಸಿನ್ ಕೆಫೀನ್ ದೇಹದಿಂದ ಹೊರಹೋಗುವುದನ್ನೂ ನಿಧಾನ ಮಾಡುತ್ತದೆ. ಹಾಗಾಗಿ ಆ ದಿನಗಳಲ್ಲಿ ಪ್ರೀ-ವರ್ಕೌಟ್ (ವ್ಯಾಯಾಮಕ್ಕೆ ಮೊದಲು ಕುಡಿಯುವ, ಕೆಫೀನ್ ಇರುವ ಪುಡಿ) ಅಂತೂ ಬೇಡವೇ ಬೇಡ.

3. ಗಂಟೆಗೆ ಬಗ್ಗದವು

ನಿಜವಾದ ಅಪಾಯ ಇರುವುದು ಇಲ್ಲಿ, ಅದರಲ್ಲೂ ಬಿಪಿ ಇರುವವರಿಗೆ. ಒಂದು ಸ್ಕೂಪ್ ಪ್ರೀ-ವರ್ಕೌಟ್‌ನಲ್ಲಿ ಸಾಮಾನ್ಯವಾಗಿ 150ರಿಂದ 300 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅದರ ಜೊತೆ ಸಿನೆಫ್ರಿನ್, ಯೊಹಿಂಬಿನ್‌ನಂಥ ಉತ್ತೇಜಕಗಳಿದ್ದರೆ ಮಾತ್ರೆ ಇಳಿಸಿದ ಬಿಪಿಯನ್ನು ಪುಡಿ ಮತ್ತೆ ಏರಿಸುತ್ತದೆ. ಬಿಪಿ ಮಾತ್ರೆ ನಡೆಯುತ್ತಿರುವಾಗ ಪ್ರೀ-ವರ್ಕೌಟ್‌ಗೆ ಜಾಗವಿಲ್ಲ ಎಂಬುದು ಈ ಲೇಖಕನ ಪಕ್ಕಾ ಅಭಿಪ್ರಾಯ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ. ಅದರ ಮೇಲೆ ಎಲೆಕ್ಟ್ರೊಲೈಟ್ ಪುಡಿ, ದಿನಕ್ಕೆ ಎರಡು ಎಳನೀರು, ಮನೆಯಲ್ಲಿ ‘ಲೋ ಸೋಡಿಯಂ’ ಉಪ್ಪು. ಮೂರರಲ್ಲೂ ಪೊಟ್ಯಾಸಿಯಂ. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು, ಅದೂ ಮುನ್ಸೂಚನೆಯಿಲ್ಲದೆ. ವ್ಯಾಯಾಮದ ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವ ಅಭ್ಯಾಸವಿದ್ದರೆ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದು, ಬೆವರಿ ನೀರು ಕಡಿಮೆಯಾಗಿದ್ದರಂತೂ ಕೇಳುವುದೇ ಬೇಡ.

‘ಪಂಪ್’ಗಾಗಿ, ಅಂದರೆ ವ್ಯಾಯಾಮದ ವೇಳೆ ಸ್ನಾಯು ಉಬ್ಬಿ ಕಾಣಲೆಂದು ಮಾರುವ ಸಿಟ್ರುಲಿನ್, ಆರ್ಜಿನಿನ್, ಬೀಟ್‌ರೂಟ್ ಪುಡಿಗಳು ರಕ್ತನಾಳ ಹಿಗ್ಗಿಸುತ್ತವೆ. ಎದೆನೋವಿನ ನೈಟ್ರೇಟ್ ಮಾತ್ರೆ ಅಥವಾ ಸಿಲ್ಡೆನಾಫಿಲ್ (ವಯಾಗ್ರ) ಜೊತೆ ಸೇರಿದರೆ ಬಿಪಿ ಕುಸಿದು ತಲೆಸುತ್ತಿ ಬೀಳಬಹುದು.

ಶುಗರ್‌ನವರಲ್ಲಿ ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ವ್ಯಾಯಾಮವೊಂದೇ ಸಕ್ಕರೆ ಇಳಿಸಲು ಸಾಕು. ಗಿಡಮೂಲದ ಬರ್ಬೆರಿನ್ ಸೇರಿದರೆ ಇನ್ನೂ ಇಳಿಯುತ್ತದೆ, ತೂಕ ಹೆಚ್ಚಿಸುವ ಮಾಸ್ ಗೇನರ್ ಪುಡಿ ಕುಡಿದರೆ ಏರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಮೀನೆಣ್ಣೆ, ಅರಿಶಿನದ ಸಾರದ ಕ್ಯಾಪ್ಸೂಲ್‌ಗಳನ್ನು ಕೇಳದೆ ಮುಟ್ಟಬಾರದು. ಖಿನ್ನತೆಯ ಮಾತ್ರೆಯಿದ್ದರೆ, ನಿದ್ರೆ ಮತ್ತು ಮನಸ್ಸಿನ ಉಲ್ಲಾಸಕ್ಕೆಂದು ಮಾರುವ 5-ಎಚ್‌ಟಿಪಿ ಬೇಡ. ಅಶ್ವಗಂಧ ನಮ್ಮದೇ ಬೇರಲ್ಲವೇ ಎಂಬ ಸಲಿಗೆ ಎಲ್ಲರಿಗೂ ಇದೆ. ಆದರೆ ಅದು ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು, ನಿದ್ರೆ ಮಾತ್ರೆಯ ಮಂಪರು ಹೆಚ್ಚಿಸಬಲ್ಲದು. ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ.

4. ರಕ್ತ ಕೊಡುವ ಮೊದಲೇ ಹೇಳಿ

ಸ್ನಾಯುಬಲಕ್ಕೆಂದು ತೆಗೆದುಕೊಳ್ಳುವ ಕ್ರಿಯೇಟಿನ್ ದಿನಕ್ಕೆ 3ರಿಂದ 5 ಗ್ರಾಂ ಆದರೆ ಆರೋಗ್ಯವಂತರಿಗೆ ಸುರಕ್ಷಿತ. ಅದು ದೇಹದಲ್ಲಿ ಕ್ರಿಯೇಟಿನಿನ್ (ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಅಂಶ) ಆಗಿ ಒಡೆಯುವುದರಿಂದ ರಿಪೋರ್ಟ್‌ನಲ್ಲಿ ಮಾತ್ರ ಆ ಅಂಕಿ ಏರಿ ‘ಕಿಡ್ನಿ ಹೋಯಿತೇ’ ಎಂಬ ಗಾಬರಿ ಹುಟ್ಟಿಸುತ್ತದೆ. ವಿಷಯ ಮೊದಲೇ ತಿಳಿದಿದ್ದರೆ ಡಾಕ್ಟರ್ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಕಿಡ್ನಿ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳುತ್ತಾರೆ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ತಾವಾಗಿ ಕ್ರಿಯೇಟಿನ್ ಶುರುಮಾಡಬಾರದು.

ಕೂದಲಿಗೆಂದು ನುಂಗುವ ವಿಟಮಿನ್ ಆದ ಬಯೋಟಿನ್‌ನದು ಉಲ್ಟಾ ಕಥೆ. ಥೈರಾಯ್ಡ್ ಪರೀಕ್ಷೆಯನ್ನೇ ಅದು ದಾರಿ ತಪ್ಪಿಸಿ, ಹಾರ್ಮೋನ್ ಹೆಚ್ಚಾಗಿರುವಂತೆ ತೋರಿಸಬಹುದು. ಅದನ್ನು ನಂಬಿ ಮಾತ್ರೆಯ ಡೋಸ್ ಇಳಿಸಿದರೆ ನಷ್ಟ ನಿಮಗೇ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ. ಮಲ್ಟಿವಿಟಮಿನ್‌ನಲ್ಲೂ ಅದು ಇರುತ್ತದೆ, ನೋಡಿಕೊಳ್ಳಿ.

5. ಒಂದೊಂದಾಗಿ ಶುರುಮಾಡಿ

ಒಪ್ಪಿಗೆ ಸಿಕ್ಕ ಮೇಲೂ ನಾಲ್ಕು ಡಬ್ಬಿ ಒಂದೇ ದಿನ ತೆರೆಯಬೇಡಿ. ಒಂದನ್ನು ಎರಡು ವಾರ ನೋಡಿ, ಬಿಪಿ ಅಥವಾ ಶುಗರ್ ಅಳತೆ ಬರೆದಿಟ್ಟುಕೊಂಡು, ಆಮೇಲೆ ಮುಂದಿನದು. ತೊಂದರೆ ಕಂಡರೆ ಮೊದಲು ನಿಲ್ಲಿಸಬೇಕಾದ್ದು ಪುಡಿಯನ್ನು, ಚೀಟಿಯ ಮಾತ್ರೆಯನ್ನಲ್ಲ. ಮೆಟೊಪ್ರೊಲಾಲ್‌ನಂಥ ಬಿಪಿ, ಹೃದಯದ ಮಾತ್ರೆಗಳನ್ನು ದಿಢೀರನೆ ಬಿಡುವುದೇ ಅಪಾಯ. ಎದೆ ಹಿಡಿದಂತಾದರೆ, ಬಡಿತ ತಪ್ಪಿದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಡಬ್ಬಿಯನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಔಷಧಿಯ ಅಡ್ಡಪರಿಣಾಮವನ್ನು ಯಾರು ಬೇಕಾದರೂ ಸರ್ಕಾರದ ಟೋಲ್‌ಫ್ರೀ ಸಂಖ್ಯೆ 1800-180-3024ಕ್ಕೆ ತಿಳಿಸಬಹುದು. ಜೊತೆಗೆ ಯಾವ ಸಪ್ಲಿಮೆಂಟ್ ತೆಗೆದುಕೊಳ್ಳುತ್ತಿದ್ದಿರಿ ಎಂಬುದನ್ನೂ ಹೇಳಿ.