ಎಂಜಿನ್ ಹೊರತೆಗೆದು ಕ್ಲಚ್ ಬದಲಿಸುವ ಬಗೆ

ಕ್ಲಚ್ ಎಂದರೆ ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಜೋಡಿಸುವ, ಬೇಕೆಂದಾಗ ಬಿಡಿಸುವ ಭಾಗ. ಅದನ್ನು ಬದಲಿಸುವ ಕೆಲಸದಲ್ಲಿ ಕ್ಲಚ್ಚಿಗೆಂದೇ ಹಿಡಿಯುವ ಹೊತ್ತು ಒಂದೆರಡು ಗಂಟೆ. ಮಿಕ್ಕ ಎರಡು ದಿನ ಅದರ ತನಕ ಹೋಗುವುದಕ್ಕೆ ಮತ್ತು ತಿರುಗಿ ಜೋಡಿಸುವುದಕ್ಕೆ. ಹಾಗಾಗಿ ಎರಡನೇ ಸಲ ಬಿಚ್ಚುವ ಪರಿಸ್ಥಿತಿ ಬರದಂತೆ ನೋಡಿಕೊಳ್ಳುವುದೇ ಇದರಲ್ಲಿ ಮುಖ್ಯ. ಇಲ್ಲಿ ಹೇಳಿರುವುದು ಮುಂದಿನ ಚಕ್ರ ಎಳೆಯುವ, ಎಂಜಿನ್ ಅಡ್ಡಲಾಗಿ ಕೂತಿರುವ, ಕೈಗೇರಿನ ಸಣ್ಣ ಪೆಟ್ರೋಲ್ ಕಾರಿನ ವಿಷಯ.

ಇಂಥ ಕಾರಿನಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಇಳಿಸಿಯೂ ಕ್ಲಚ್ ಬದಲಿಸಬಹುದು. ಆದರೆ ಮನೆಯಲ್ಲಿ ಲಿಫ್ಟ್ ಇರುವುದಿಲ್ಲ. ಮೂವತ್ತು ನಲವತ್ತು ಕೆಜಿಯ ಗೇರ್‌ಬಾಕ್ಸನ್ನು ಮಲಗಿಕೊಂಡು ಎತ್ತಿ, ಶಾಫ್ಟನ್ನು ಕ್ಲಚ್ ಪ್ಲೇಟಿನ ಹಲ್ಲಿಗೆ ಕೂರಿಸುವುದು ಕಷ್ಟ, ಅಪಾಯ ಕೂಡ. ಬಾನೆಟ್ ಕಡೆಯಿಂದ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಮೇಲೆತ್ತಲು ಜಾಗವಿದ್ದರೆ, ನೆಲದ ಮೇಲಿಟ್ಟು ಬೇರ್ಪಡಿಸುವುದೇ ವಾಸಿ. ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ಉಂಗುರ), ಎಂಜಿನ್ ಮೌಂಟ್ (ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಆಧಾರ) ಎಲ್ಲವೂ ಕೈಗೆ ಸಿಗುತ್ತವೆ. ಕೆಲವು ಕಾರುಗಳಲ್ಲಿ ಎಂಜಿನ್ ಕೆಳಗಿನಿಂದ ಮಾತ್ರ ಹೊರಬರುತ್ತದೆ. ಮೊದಲೇ ಸರ್ವಿಸ್ ಮ್ಯಾನ್ಯುಯಲ್ ನೋಡಿಕೊಳ್ಳಿ.

ಬಿಚ್ಚುವ ಮುಂಚೆ

ತೊಂದರೆ ನಿಜಕ್ಕೂ ಕ್ಲಚ್ಚಿನದೇ ಎಂದು ಖಚಿತವಾಗಲಿ. ನಾಲ್ಕನೇ ಗೇರಿನಲ್ಲಿ, 40 ಕಿಮೀ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಎಂಜಿನ್ ಸದ್ದು ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ. ಆದರೆ ಕೇಬಲ್ ಬಿಗಿಯಾಗಿ ಪೆಡಲಿಗೆ ಸಡಿಲವೇ ಇಲ್ಲದಿದ್ದರೂ ಹೀಗೇ ಆಗುತ್ತದೆ, ಅದನ್ನು ಮೊದಲು ಸರಿಪಡಿಸಿ ನೋಡಿ. ಪೆಡಲ್ ಒತ್ತಿದರೂ ರಿವರ್ಸ್ ಗೇರ್ ಗರಗರ ಅಂದರೆ ಕ್ಲಚ್ ಒತ್ತುವ ದ್ರವದ ವ್ಯವಸ್ಥೆಯಲ್ಲಿ (ಹೈಡ್ರಾಲಿಕ್) ಗಾಳಿ ಸೇರಿರಬಹುದು, ಇಲ್ಲವೇ ಕೇಬಲ್ ಉದ್ದವಾಗಿರಬಹುದು. ಪೆಡಲ್ ಒತ್ತಿದಾಗ ಮಾತ್ರ ಬರುವ ಸದ್ದು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನದು (ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ಬೇರಿಂಗ್). ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ಒತ್ತಿದೊಡನೆ ನಿಲ್ಲುವ ಸದ್ದು ಹೆಚ್ಚಾಗಿ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಒಳಬರುವ ಶಾಫ್ಟ್) ಬೇರಿಂಗಿನದು. ಹೊಸ ಕ್ಲಚ್ ಹಾಕಿದರೆ ಅದು ಹೋಗುವುದಿಲ್ಲ.

ಎಂಜಿನ್ ಕ್ರೇನ್, ಗಟ್ಟಿಯಾದ ಚೈನ್, ಕಾರನ್ನು ಹೊತ್ತು ನಿಲ್ಲುವ ಎರಡು ಸ್ಟ್ಯಾಂಡ್, ಜಾಕ್, ಟಾರ್ಕ್ ರೆಂಚ್, ವರ್ನಿಯರ್ ಕ್ಯಾಲಿಪರ್, ಪ್ಲೇಟ್ ನಡುಮಧ್ಯಕ್ಕೆ ಕೂರಿಸುವ ಅಲೈನ್‌ಮೆಂಟ್ ಟೂಲ್ ಇವು ಬೇಕೇಬೇಕು. ಕ್ರೇನಿನ ಮೇಲೆ ಬರೆದ ತೂಕ ತೋಳು ಒಳಗಿದ್ದಾಗಿನದು, ಹೊರಗೆ ಎಳೆದಷ್ಟೂ ಎತ್ತುವ ಶಕ್ತಿ ಕುಸಿಯುತ್ತದೆ. ತೋಳಿನ ಪ್ರತಿ ತೂತಿನ ಪಕ್ಕ ಬರೆದ ಅಂಕಿಯನ್ನೇ ನಂಬಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಮೇಲೆತ್ತಿದ ಎಂಜಿನ್ ಕೆಳಗೂ ಅಷ್ಟೇ.

ಬಿಚ್ಚುವುದು

ಎಕ್ಸಾಸ್ಟ್ ಪೈಪಿನ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಪೆಟ್ರೋಲ್ ಲೈನಿನ ಒತ್ತಡ ಇಳಿಸಲು ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ತೆಗೆದು, ನಂತರ ಬ್ಯಾಟರಿಯನ್ನೇ ಹೊರಗಿಡಿ. ಕೂಲಂಟನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಇಳಿಸಬೇಕು.

ಗೇರ್ ಆಯಿಲ್ ಇಳಿಸುವ ಮುನ್ನ ತುಂಬಿಸುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ನೋಡಿ. ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ ಕಾರು ಅಲ್ಲೇ ನಿಲ್ಲುತ್ತದೆ.

ಚಕ್ರದ ನಡುಭಾಗದ ಹಬ್ ನಟ್ ಸಡಿಲಿಸುವುದು ಚಕ್ರ ನೆಲದ ಮೇಲಿದ್ದಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರಬೇಕು. ಕಾರು ಸ್ಟ್ಯಾಂಡ್ ಮೇಲೆ ಕೂತ ನಂತರ ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಕ್ಕೆ ವಾಲಿಸಿ ಚಕ್ರಕ್ಕೆ ತಿರುಗುವಿಕೆ ಒಯ್ಯುವ ಡ್ರೈವ್ ಶಾಫ್ಟ್ ತೆಗೆಯಿರಿ. ಗೇರ್‌ಬಾಕ್ಸ್ ಕಡೆಯ ತುದಿಯನ್ನು ಲಿವರ್ ಕೊಟ್ಟು ಮೀಟಬೇಕು. ಶಾಫ್ಟ್ ಹಿಡಿದು ಎಳೆದರೆ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಎರಡೂ ಶಾಫ್ಟ್ ಹೊರಬಂದರೆ ಡಿಫರೆನ್ಷಿಯಲ್ಲಿನ (ಎರಡು ಚಕ್ರಗಳಿಗೆ ತಿರುಗುವಿಕೆ ಹಂಚುವ ಭಾಗ) ಒಳಗೇರುಗಳು ಜಾರಿ ಬೀಳುತ್ತವೆ. ಅಳತೆಗೆ ಸರಿಹೋಗುವ ಪ್ಲಾಸ್ಟಿಕ್ ಬಿರಡೆ ಹಾಕಿಡಿ, ಕಸವೂ ಒಳಗೆ ಹೋಗುವುದಿಲ್ಲ.

ಎಸಿ ಪೈಪುಗಳನ್ನು ಬಿಚ್ಚಬೇಡಿ, ಒಳಗಿನ ಅನಿಲ ಒತ್ತಡದಲ್ಲಿರುತ್ತದೆ. ಕಂಪ್ರೆಸರ್ ಬೋಲ್ಟ್‌ಗಳನ್ನಷ್ಟೇ ತೆಗೆದು ಪೈಪ್ ಸಮೇತ ಪಕ್ಕಕ್ಕೆ ಕಟ್ಟಿ. ರೇಡಿಯೇಟರ್ ತೆಗೆಯದಿದ್ದರೆ ಅದರ ಮುಂದೆ ದಪ್ಪ ರಟ್ಟು ಇಡಿ. ಪ್ರತಿ ಕನೆಕ್ಟರ್ ಬಿಚ್ಚುವ ಮುನ್ನ ಫೋಟೊ ತೆಗೆದು, ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ.

ಚೈನನ್ನು ಎಂಜಿನ್ನಿನ ಎತ್ತುವ ಕೊಂಡಿಗಳಿಗೇ ಹಾಕಿ, ಇನ್‌ಟೇಕ್ ಮ್ಯಾನಿಫೋಲ್ಡಿಗೆ ಬೇಡ. ಭಾರ ಚೈನಿನ ಮೇಲೆ ಬಂದ ನಂತರವೇ ಮೌಂಟ್‌ಗಳನ್ನು ಬಿಚ್ಚಿ. ಎರಡು ಮೂರು ಸೆಂಟಿಮೀಟರ್ ಎತ್ತಿ ನಿಲ್ಲಿಸಿ, ಸುತ್ತ ಕೈಯಾಡಿಸಿ ನೋಡಿ. ಎಂಜಿನ್ನನ್ನು ಕಾರಿನ ಮೈಗೆ ಸೇರಿಸುವ ಅರ್ಥ್ ಪಟ್ಟಿ, ರಿವರ್ಸ್ ಲೈಟಿನ ಸ್ವಿಚ್ ತಂತಿ, ಹೀಟರ್ ಹೋಸ್, ಇವುಗಳಲ್ಲಿ ಒಂದಾದರೂ ಉಳಿದುಕೊಂಡಿರುವುದೇ ಹೆಚ್ಚು. ಗೇರ್‌ಬಾಕ್ಸ್ ತುದಿಯನ್ನು ತಗ್ಗಿಸಿ, ಓರೆಯಾಗಿ ನಿಧಾನ ಮೇಲೆತ್ತಿ.

ಬೇರ್ಪಡಿಸಿ ನೋಡುವುದು

ಸ್ಟಾರ್ಟರ್ ತೆಗೆದು, ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚದ, ಅಂದರೆ ಬೆಲ್ ಹೌಸಿಂಗ್ ಬೋಲ್ಟ್‌ಗಳನ್ನು ಬಿಚ್ಚಿ. ಅವುಗಳ ಉದ್ದ ಒಂದೊಂದಕ್ಕೆ ಒಂದೊಂದು. ರಟ್ಟಿನ ಮೇಲೆ ಹೌಸಿಂಗಿನ ಆಕಾರ ಗೀಚಿ, ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟ್ ಕುರುಡು (ತಳ ಮುಚ್ಚಿದ) ತೂತಿಗೆ ಹೋದರೆ ಅಲ್ಯುಮಿನಿಯಂ ಒಡೆಯುತ್ತದೆ. ಗೇರ್‌ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ, ಶಾಫ್ಟ್ ಪೂರ್ತಿ ಹೊರಬರುವ ತನಕ ಅದರ ಭಾರ ಪ್ಲೇಟಿನ ಮೇಲೆ ಜೋತುಬೀಳಬಾರದು.

ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಪ್ಲೇಟಿನ ಮುಖಗಳ ಉಜ್ಜುವ ಪದರಕ್ಕೆ ಲೈನಿಂಗ್ ಎನ್ನುತ್ತಾರೆ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಲಚ್ ಪ್ಲೇಟನ್ನು ಎಂಜಿನ್ ತುದಿಯ ಭಾರದ ಚಕ್ರಕ್ಕೆ (ಫ್ಲೈವೀಲಿಗೆ) ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರು, ಒಂದೊಂದಕ್ಕೆ ಅರ್ಧ ಸುತ್ತಿನಂತೆ ಸಡಿಲಿಸಿ. ಅದರೊಳಗಿನ ತಟ್ಟೆಯಾಕಾರದ ಡಯಾಫ್ರಾಮ್ ಸ್ಪ್ರಿಂಗ್ ಒತ್ತಡದಲ್ಲಿರುವುದರಿಂದ ಒಂದೇ ಕಡೆ ಬಿಚ್ಚಿದರೆ ಪ್ರೆಶರ್ ಪ್ಲೇಟಿನ ಕವರ್ ಸೊಟ್ಟಗಾಗುತ್ತದೆ.

ಇಲ್ಲಿ ಅವಸರ ಮಾಡಬೇಡಿ. ಕ್ಲಚ್ ಯಾಕೆ ಹೋಯಿತು ಎಂಬುದಕ್ಕೆ ಸಾಕ್ಷಿ ಎಲ್ಲ ಇಲ್ಲೇ ಇರುತ್ತದೆ. ರಿವೆಟ್ ತಲೆಯ ಮೇಲೆ ಲೈನಿಂಗ್ ಎಷ್ಟು ಎತ್ತರ ಉಳಿದಿದೆ ಎಂದು ವರ್ನಿಯರಿನಲ್ಲಿ ಅಳೆಯಿರಿ. ಅನೇಕ ಕಾರುಗಳಲ್ಲಿ 0.3 ಮಿಮೀ ಕೊನೆಯ ಮಿತಿ. ಲೈನಿಂಗ್ ದಪ್ಪವಿದ್ದೂ ಮಿರಮಿರ ಹೊಳೆಯುತ್ತಿದ್ದರೆ ಎಣ್ಣೆ ತಾಗಿರಬಹುದು. ಯಾವ ಎಣ್ಣೆ ಎಂಬುದನ್ನು ಮೂಗೇ ಹೇಳುತ್ತದೆ. ಗಂಧಕದ ಘಾಟು ಇದ್ದರೆ ಗೇರ್ ಆಯಿಲ್, ಅಂದರೆ ಇನ್‌ಪುಟ್ ಶಾಫ್ಟಿನ ಸೀಲ್ ಸೋರುತ್ತಿದೆ. ಫ್ಲೈವೀಲ್ ಹಿಂಬದಿ ಕಪ್ಪಗೆ ಒದ್ದೆಯಾಗಿದ್ದರೆ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್. ಸೋರದಿದ್ದರೂ ಈ ಎರಡನ್ನೂ ಈಗಲೇ ಬದಲಿಸುವುದು ಒಳ್ಳೆಯದು. ಸೋರುವ ಸೀಲ್ ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದೂ ಎಣ್ಣೆ ಕುಡಿಯುತ್ತದೆ.

ಫ್ಲೈವೀಲ್ ಮೇಲೆ ನೀಲಿ ಕಲೆಗಳಿದ್ದರೆ ಕ್ಲಚ್ ಜಾರಿ ಬಿಸಿಯಾಗಿದೆ ಎಂದರ್ಥ. ಆ ಜಾಗ ಗಡುಸಾಗಿ, ಕಾರು ಹೊರಡುವಾಗ ನಡುಗುತ್ತದೆ. ಉಗುರಿಗೆ ಸಿಗುವ ಬಿರುಕಿದ್ದರೆ ಬದಲಿಸಿ, ಬರೀ ಗೀರುಗಳಿದ್ದರೆ ವರ್ಕ್‌ಶಾಪಿನಲ್ಲಿ ಮಿತಿಯೊಳಗೆ ಮಟ್ಟ ಮಾಡಿಸಿ. ಇದು ಒಂಟಿ ತೂಕದ ಫ್ಲೈವೀಲಿಗೆ ಹೇಳಿದ್ದು. ಎರಡು ತೂಕದ್ದು (ಡ್ಯುಯಲ್ ಮಾಸ್) ಆಗಿದ್ದರೆ ಎರಡು ಭಾಗಗಳ ನಡುವಿನ ಸಡಿಲ ಪರೀಕ್ಷಿಸಿ, ಮಿತಿ ಮೀರಿದ್ದರೆ ಹೊಸದೇ ಬೇಕು. ಫ್ಲೈವೀಲ್ ಬಿಚ್ಚಿದರೆ ಅದರ ಬೋಲ್ಟ್‌ಗಳನ್ನೂ ಹೊಸದು ಹಾಕಿ.

ರಿಲೀಸ್ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಒಳಗೆ ತುಂಬಿ ಮುಚ್ಚಿದ ಗ್ರೀಸ್ ಕರಗಿಹೋಗಿ ಬೇಗನೆ ಕಿರುಚಲು ತೊಡಗುತ್ತದೆ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಸೆಟ್ಟಾಗಿ ಬದಲಿಸಿ. ಬೇರಿಂಗ್ ಜಾರುವ ಕೊಳವೆ ಸವೆದು ತೋಡು ಬಿದ್ದಿದ್ದರೆ ಪೆಡಲ್ ತಡೆದು ತಡೆದು ಚಲಿಸುತ್ತದೆ, ಅದೂ ಹೊಸದಾಗಲಿ. ಹೈಡ್ರಾಲಿಕ್ ಒತ್ತಡದಿಂದ ಬೇರಿಂಗನ್ನು ತಳ್ಳುವ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ ಒಳಗೇ ಇರುವ ಮಾದರಿಯಾದರೆ ಅದನ್ನೂ ಬಿಡಬೇಡಿ.

ಹೊಸದನ್ನು ಕೂರಿಸುವುದು

ಹೊಸ ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡಿಯದಂತೆ ಎಣ್ಣೆ ಬಳಿದಿರಬಹುದು. ಅದನ್ನೂ ಫ್ಲೈವೀಲನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಗೇರ್‌ಬಾಕ್ಸ್ ಶಾಫ್ಟಿನ ಹಲ್ಲಿಗೆ ಹೆಚ್ಚು ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಹಚ್ಚಿ, ಪ್ಲೇಟನ್ನು ಒಮ್ಮೆ ಹಿಂದೆ ಮುಂದೆ ಜಾರಿಸಿ ತೆಗೆದು, ಹೊರಗೆ ಬಂದದ್ದನ್ನೆಲ್ಲ ಒರೆಸಿಬಿಡಿ. ಉಳಿದರೆ ತಿರುಗುವಾಗ ಸಿಡಿದು ಲೈನಿಂಗ್ ಸೇರುತ್ತದೆ.

ಪ್ಲೇಟಿಗೆ ದಿಕ್ಕಿದೆ. ಫ್ಲೈವೀಲ್ ಕಡೆ ಯಾವುದೆಂದು ಸಾಮಾನ್ಯವಾಗಿ ಅದರ ಮೇಲೇ ಬರೆದಿರುತ್ತದೆ. ಹೆಚ್ಚಿನವುಗಳಲ್ಲಿ ಸ್ಪ್ರಿಂಗ್ ಉಬ್ಬಿದ ಭಾಗ ಗೇರ್‌ಬಾಕ್ಸ್ ಕಡೆಗೆ. ತಿರುಗಾಮುರುಗಾ ಹಾಕಿದರೆ ನಡುಭಾಗ ಫ್ಲೈವೀಲ್ ಬೋಲ್ಟ್‌ಗಳಿಗೆ ಉಜ್ಜಿ, ಕ್ಲಚ್ ಬಿಡುವುದೇ ಇಲ್ಲ. ಅಲೈನ್‌ಮೆಂಟ್ ಟೂಲ್ ಇಟ್ಟು ಕವರನ್ನು ಎದುರುಬದುರು, ಸುತ್ತು ಸುತ್ತಾಗಿ ಬಿಗಿ ಮಾಡಿ. ಎಂ8 ಬೋಲ್ಟಾದರೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್. ನಿಮ್ಮ ಕಾರಿನ ಮ್ಯಾನ್ಯುಯಲ್ಲಿನ ಅಂಕಿಯೇ ಅಂತಿಮ.

ಗೇರ್‌ಬಾಕ್ಸ್ ಜೋಡಿಸುವ ಮುನ್ನ ಅದನ್ನು ಎಂಜಿನ್ನಿಗೆ ನೇರವಾಗಿ ಕೂರಿಸುವ ಎರಡು ಡೋವೆಲ್ ಪಿನ್‌ಗಳೂ ಜಾಗದಲ್ಲಿವೆಯೇ ನೋಡಿ. ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಗೇರಿಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತ ತಳ್ಳಿ. ಹಲ್ಲು ಸಿಕ್ಕಿದ ಕೂಡಲೇ ಜಾರಿ ಕೂರುತ್ತದೆ. ಒಂದು ಬೆರಳಿನಷ್ಟು ಸಂದು ಉಳಿದಾಗ ಬೋಲ್ಟ್ ಬಿಗಿದು ಎಳೆದುಕೊಳ್ಳೋಣ ಅನ್ನಿಸುತ್ತದೆ. ಖಂಡಿತ ಬೇಡ. ಬೆಲ್ ಹೌಸಿಂಗಿನ ಕಿವಿ ಒಡೆಯುವುದೂ ಹೊಸ ಪ್ಲೇಟಿನ ನಡುಭಾಗ ಬಾಗುವುದೂ ಹೀಗೆಯೇ. ಹಿಂದಕ್ಕೆ ಎಳೆದು ಪ್ಲೇಟನ್ನು ಮತ್ತೆ ನಡುಮಧ್ಯಕ್ಕೆ ತಂದು ಪ್ರಯತ್ನಿಸಿ.

ಕಾರಿಗೆ ಇಳಿಸಿದ ಮೇಲೆ

ಮೌಂಟ್ ಬೋಲ್ಟ್‌ಗಳನ್ನೆಲ್ಲ ಕೈಯಲ್ಲಿ ಹಾಕಿಕೊಂಡು, ಎಂಜಿನ್ ಅಲುಗಾಡಿಸಿ ಕೂರಿಸಿದ ನಂತರ ಬಿಗಿ ಮಾಡಿ. ಹಬ್ ನಟ್ ಹೊಸದೇ ಇರಲಿ, ಕೊನೆಯ ಬಿಗಿ ಚಕ್ರ ನೆಲ ಮುಟ್ಟಿದ ಮೇಲೆ. ಅರ್ಥ್ ಪಟ್ಟಿ ಮರೆತರೆ ಸ್ಟಾರ್ಟರಿನ ಕರೆಂಟ್ ಸಣ್ಣ ತಂತಿ, ಕೇಬಲ್‌ಗಳ ಮೂಲಕ ಹರಿದು ಅವು ಸುಡುತ್ತವೆ. ಗೇರ್ ಆಯಿಲನ್ನು ತುಂಬುವ ತೂತಿನ ಅಂಚಿಗೆ ಬರುವ ತನಕ ಹಾಕಿ, ಸಣ್ಣ ಕಾರುಗಳಲ್ಲಿ ಸುಮಾರು ಎರಡು ಲೀಟರ್ ಹಿಡಿಯುತ್ತದೆ. ಕ್ಲಚ್ ಹೈಡ್ರಾಲಿಕ್ ಆದರೆ ಗಾಳಿ ಪೂರ್ತಿ ತೆಗೆಯಿರಿ. ಅದರಲ್ಲಿರುವ ಬ್ರೇಕ್ ಫ್ಲೂಯಿಡ್ ಕಾರಿನ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಕೇಬಲ್ ಆದರೆ ಪೆಡಲಿನ ಸಡಿಲವನ್ನು ಮ್ಯಾನ್ಯುಯಲ್ ಹೇಳಿದ ಅಳತೆಗೆ ತನ್ನಿ.

ಎಂಜಿನ್ ಆಯಿಲ್ ಮಟ್ಟ ನೋಡಿ, ಫ್ಯೂಯಲ್ ಪಂಪಿನ ಫ್ಯೂಸ್ ಹಾಕದೆಯೇ ಕೆಲವು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ, ಎಣ್ಣೆ ಮೇಲೇರಲಿ. ಫ್ಯೂಸ್ ಹಾಕಿ ಕೀಲಿ ಆನ್ ಮಾಡಿದಾಗ ಪೆಟ್ರೋಲ್ ಸೋರಿಕೆ ಇದೆಯೇ ಪರೀಕ್ಷಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಚಕ್ರಗಳು ಇನ್ನೂ ಮೇಲಿರುವಾಗಲೇ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಮೊದಲ 500 ಕಿಮೀ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸುವುದು, ಭಾರ ಎಳೆಯುವುದು ಬೇಡ. ಒಂದು ವಾರದ ನಂತರ ಕೆಳಗೆ ಇಣುಕಿ, ಬೆಲ್ ಹೌಸಿಂಗಿನ ತಳದಲ್ಲಿ ಎಣ್ಣೆಯ ಪಸೆ ಇದೆಯೇ ಎಂದು ಬೆರಳಿಂದ ಒರೆಸಿ ನೋಡಿ.